ಏಳನೇ ಮಹಡಿಗೆ ಒಂದು ದನಿ

ತಾತನ ಗಂಟಲಿನ ದನಿಪೆಟ್ಟಿಗೆಯನ್ನು ಆಸ್ಪತ್ರೆಯವರು ತೆಗೆದ ಮೇಲೆ ಆ ಮನೆಯಲ್ಲಿ ಉಳಿದವರೆಲ್ಲ ಸ್ವಲ್ಪ ಜೋರಾಗಿ ಮಾತಾಡತೊಡಗಿದರು. ಹೋದದ್ದು ಗಂಟಲು, ಕಿವಿಯಲ್ಲ. ಆದರೂ ಸೊಸೆ ಒಂದು ಮಾರು ದೂರದಲ್ಲಿ ನಿಂತು, "ಮಾವಾ, ಹಾಲು ಬೇಕಾ?" ಎಂದು ಕೂಗುವಳು. ಅವನು ಬೇಡವೆಂದು ತಲೆ ಆಡಿಸುವಷ್ಟರಲ್ಲಿ ಹಾಲು ಬಂದು ಮುಂದೆ ಕೂತಿರುತ್ತಿತ್ತು.

ಕೆಳಗೆ ಲಿಫ್ಟ್ ವರ್ಕ್‌ಶಾಪು, ಮೇಲೆ ಮನೆ. ಊರಿಗೆಲ್ಲ ಲಿಫ್ಟ್ ಕೂಡಿಸುವವರಿಗೆ ಸ್ವಂತ ಮನೆಗೆ ಹತ್ತಲು ಮಾತ್ರ ಮೆಟ್ಟಿಲೇ ಗತಿ. ಊರಿನ ಅರ್ಧದಷ್ಟು ಲಿಫ್ಟುಗಳು ತಾತನ ಕೈಯವು. ಅವುಗಳಲ್ಲಿ ಮಹಡಿ ಹೇಳುವ ದನಿಯೂ ಅವನದೇ. ಲಿಫ್ಟಿನ ಪೆಟ್ಟಿಗೆಯ ಜೊತೆ ಬರುತ್ತಿದ್ದ ದನಿ ಯಾವುದೋ ದೇಶದ ಹೆಂಗಸಿನದು. ಅವಳು ಹೇಳಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೆಂದು ತಾತ ಒಂದು ದಿನ ಅಡುಗೆಮನೆಯಲ್ಲೇ ಕೂತು, ತಲೆಯ ಮೇಲೆ ದಪ್ಪನೆ ರಜಾಯಿ ಹೊದ್ದು, "ಬಾಗಿಲು ಮುಚ್ಚುತ್ತಿದೆ" ಎಂಬಲ್ಲಿಂದ "ಆರನೇ ಮಹಡಿ" ತನಕ ಹೇಳಿ ರೆಕಾರ್ಡು ಮಾಡಿದ. ಆಗ ಊರಿನಲ್ಲಿ ಆರಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ. ಕೊನೆಯ ಮಾತಿನ ಹೊತ್ತಿಗೆ ಅಜ್ಜಿಯ ಕೈಯಿಂದ ಪಾತ್ರೆಯ ಮುಚ್ಚಳ ಜಾರಿತು. "ಆರನೇ ಮಹಡಿ" ಆದ ಮೇಲೆ ಸಣ್ಣಗೆ 'ಠಣ್' ಎನ್ನುವ ಸದ್ದು ಇವತ್ತಿಗೂ ಆ ಎಲ್ಲ ಲಿಫ್ಟುಗಳಲ್ಲಿ ಕೇಳುತ್ತದೆ. ಜನ ಅದನ್ನು ಗಂಟೆ ಅಂದುಕೊಂಡಿದ್ದಾರೆ.

"ಒಂಬತ್ತು ಮಹಡಿ," ಅಂದ ಮಗ ಒಂದು ರಾತ್ರಿ ಊಟಕ್ಕೆ ಕೂರುತ್ತ. "ಆರ್ಡರು ನಮಗೇ ಬಂತು."

"ಮೊದ್ಲು ಕೈ ತೊಳ್ಕೋ," ಅಂದಳು ಅಜ್ಜಿ.

"ತೊಳ್ಕೋತೀನಮ್ಮಾ. ಕಷ್ಟ ಏನಂದ್ರೆ, ದನಿ ಆರರ ತನಕ ಮಾತ್ರ ಇದೆ. ಏಳು, ಎಂಟು, ಒಂಬತ್ತು ಇಲ್ಲ."

ಯಾರೂ ತಾತನ ಕಡೆ ನೋಡಲಿಲ್ಲ. ಎಲ್ಲರೂ ತಂತಮ್ಮ ತಟ್ಟೆ ನೋಡಿಕೊಂಡರು.

"ಯಾರಾದ್ರೂ ಹೊಸಬರನ್ನ ಕರೆಸಿ ಒಂಬತ್ತೂ ಹೇಳಿಸಿದ್ರಾಯ್ತು," ಅಂದಳು ಸೊಸೆ. ವರ್ಕ್‌ಶಾಪಿನ ಲೆಕ್ಕಪತ್ರ, ಫೋನು, ಬೈಗುಳ ಎಲ್ಲ ಅವಳದೇ ಪಾಲು. "ಮನೇಲಿ ಕೂತೇ ಈ ಕೆಲ್ಸ ಮಾಡೋ ಫ್ರೀಲಾನ್ಸಿನವರು ಸಿಗ್ತಾರೆ."

"ಇರೋ ಆರು ಏನು ಪಾಪ ಮಾಡಿದ್ವು?" ಅಂದಳು ಅಜ್ಜಿ. "ಬೇಕಿರೋದು ಮೂರು. ಮೂರೇ ಹೇಳಿಸಿ. ಹತ್ತಿದ ಏಣೀನ ಒದೀಬಾರ್ದು."

"ಏಣಿ ಅಲ್ಲ ಅಜ್ಜಿ, ಲಿಫ್ಟು," ಅಂದಳು ಮೊಮ್ಮಗಳು. ಚೂಟಿ ಎಂದು ಕರೆದು ಕರೆದು ಅವಳ ನಿಜವಾದ ಹೆಸರು ಶಾಲೆಗೆ ಮಾತ್ರ ಉಳಿದಿತ್ತು.

"ನೀನು ಮೊಟ್ಟೆ ತಿನ್ನು."

"ಆರರ ತನಕ ಒಂದು ದನಿ, ಆಮೇಲೆ ಇನ್ನೊಂದಾ?" ಅಂದ ಮಗ. "ಒಳಗಿದ್ದೋರು ಹೆದರ್ಕೋತಾರಮ್ಮಾ. ಮಧ್ಯದಲ್ಲಿ ಯಾರೋ ಹತ್ಕೊಂಡ್ರು ಅನ್ಕೋತಾರೆ."

"ಹಾಗಾದ್ರೆ ಅದೇ ಥರ ದನಿ ಇರೋರನ್ನ ಹುಡುಕಿ."

"ಅದೇ ಥರ ದನಿ ಅಂಗಡೀಲಿ ಸಿಗುತ್ತಾ?"

ತಾತ ಚಮಚದಿಂದ ತಟ್ಟೆಯ ಅಂಚಿಗೆ ಎರಡು ಸಲ ತಟ್ಟಿದ.

"ಉಪ್ಪು," ಅಂದಳು ಅಜ್ಜಿ. ಚೂಟಿ ಉಪ್ಪಿನ ಡಬ್ಬಿ ದಾಟಿಸಿದಳು. ತಾತ ಕೈ ಅಡ್ಡ ಆಡಿಸಿದ. "ಸಾಕಂತೆ," ಎಂದು ಅಜ್ಜಿ ಒಂದು ಚಿಟಿಕೆ ಹಾಕಿ ಕಲಸಿಕೊಟ್ಟಳು. ಜಗಳ ಮುಂದುವರಿಯಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಈ ಮನೆಯಲ್ಲಿ ಎಲ್ಲರೂ ಮಾತು ಬಲ್ಲವರೇ, ಊಟಕ್ಕೆ ಕೂತರೆ ಜಗಳವೇ.

ಉಪ್ಪಿನ ಕತೆ ಹೀಗೆ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ತಾತ ತಟ್ಟೆ ತಟ್ಟಿದಾಗ ಮನೆಯವರು ನೀರು ಕೊಟ್ಟರು, ಒರೆಸುವ ಬಟ್ಟೆ ಕೊಟ್ಟರು, ಫ್ಯಾನು ಹಾಕಿದರು. ಕೊನೆಗೆ ಅಜ್ಜಿ ಉಪ್ಪಿನ ಡಬ್ಬಿ ತಂದಿಟ್ಟಾಗ ಅವನು ಸುಸ್ತಾಗಿ ತಲೆಯಾಡಿಸಿದ. ಕಂಡುಹಿಡಿದ ಖುಷಿಗೆ ಅಜ್ಜಿ ಅವತ್ತು ಕಣ್ಣೀರು ಹಾಕಿದಳು. ಅಂದಿನಿಂದ ತಟ್ಟಿದರೆ ಉಪ್ಪು ಎಂದು ಮನೆಯಲ್ಲಿ ಕಾನೂನಾಯಿತು. ಮೊದಮೊದಲು ಅವನ ಪಕ್ಕ ಒಂದು ಸ್ಲೇಟೂ ಇತ್ತು. ಆದರೆ ತಾತ ಸ್ಪ್ಯಾನರು ಹಿಡಿದವನೇ ಹೊರತು ಬಳಪ ಹಿಡಿದವನಲ್ಲ. ಅವನು ಒಂದು ಪದ ಬರೆಯುವಷ್ಟರಲ್ಲಿ ಮಾತು ಎರಡು ಬೀದಿ ದಾಟಿರುತ್ತಿತ್ತು. ಇಲ್ಲವೇ ಯಾರಾದರೂ ಮೊದಲ ಅಕ್ಷರ ನೋಡಿ ಉಳಿದದ್ದನ್ನು ತಾವೇ ಊಹಿಸಿಕೊಂಡು ಹೊರಟುಬಿಡುತ್ತಿದ್ದರು. ಸ್ಲೇಟು ಈಗ ಫ್ರಿಜ್ಜಿನ ಮೇಲೆ ಇದೆ.

ಮಾತಾಡಲು ಇನ್ನೊಂದು ದಾರಿಯೂ ಇತ್ತು. ಡಾಕ್ಟರು ಕತ್ತಿನ ತೂತಿಗೆ ಪುಟ್ಟದೊಂದು ಕವಾಟ ಕೂಡಿಸಿ, ಅದನ್ನು ಬೆರಳಿಂದ ಮುಚ್ಚಿ ಮಾತಾಡಿ, ರೂಢಿಯಾಗುತ್ತದೆ ಅಂದಿದ್ದರು. ಆಸ್ಪತ್ರೆಯ ಮಂಚದಲ್ಲಿ ತಾತ ಒಮ್ಮೆ ಪ್ರಯತ್ನ ಮಾಡಿದ. ಅಜ್ಜಿಯನ್ನು ಯಾವಾಗಲೂ ಕರೆಯುವ ಹಾಗೆ "ಇವ್ಳೇ" ಅಂದ. ಬಂದದ್ದು ಸೈಕಲ್ ಪಂಪಿನ ಸದ್ದು. ಅಜ್ಜಿ ಅವನ ಕೈ ಹಿಡಿದು ಕೆಳಗಿಳಿಸಿ, "ಬೇಡ ರೀ, ಸುಮ್ನಿರಿ, ಆಯಾಸ ಮಾಡ್ಕೋಬೇಡಿ" ಅಂದಳು. ಆಯಾಸ ಅವನಿಗಾಗಿರಲಿಲ್ಲ. ಆ ಸದ್ದನ್ನು ಅವಳಿಗೆ ಕೇಳಲಾಗಿರಲಿಲ್ಲ. ತಾತನಿಗೂ ಅದು ತಿಳಿಯಿತು. ಆಮೇಲೆ ಅವನು ಕವಾಟ ಮುಟ್ಟಲಿಲ್ಲ.

ಸೊಸೆ ಹುಡುಕಾಟ ಶುರುಮಾಡಿದಳು. ಮೊದಲು ಕಂಪ್ಯೂಟರಿಗೇ ತಾತನ ದನಿ ಕೇಳಿಸಿ ಏಳು ಎಂಟು ಹೇಳಿಸಿ ನೋಡಿದ್ದಾಯಿತು. ನೆಗಡಿ ಹಿಡಿದ ಬ್ಯಾಂಕ್ ಮ್ಯಾನೇಜರ್ ಮಾತಾಡಿದ ಹಾಗಿತ್ತು. ಆಮೇಲೆ ಮನುಷ್ಯರ ದನಿಗಳು ಫೋನಿಗೆ ಬರತೊಡಗಿದವು. ಅವುಗಳನ್ನು ಊಟದ ಮೇಜಿನ ಮೇಲಿಟ್ಟು ಎಲ್ಲರೂ ಕೇಳುವುದು, ತಲೆಗೊಂದು ಮಾತಾಡುವುದು.

"ಇವನು ಏಳನೇ ಮಹಡಿ ಅಂತಿದ್ದಾನೋ, ಯಾರಾದ್ರೂ ಸತ್ರು ಅಂತಿದ್ದಾನೋ?" ಅಂದಳು ಅಜ್ಜಿ.

"ಇವನು ಪರವಾಗಿಲ್ಲ," ಅಂದ ಮಗ.

"ಇವನು ಸೋಪು ಮಾರ್ತಾನೆ," ಅಂದಳು ಚೂಟಿ. "ಅದೇ ದನಿ. ಟೀವೀಲಿ ಬರುತ್ತೆ."

ತಾತ ತಟ್ಟಿದ. ಉಪ್ಪು ಬಂತು.

ಕೊನೆಗೆ ಒಬ್ಬ ಕಲಾವಿದ, ದನಿ ಕಳಿಸುವ ಬದಲು, ತಾನೇ ಬರುತ್ತೇನೆ ಎಂದ. ಸಣಕಲು ಆಳು, ವಯಸ್ಸು ನಲವತ್ತರ ಹತ್ತಿರ. ಕೆಮ್ಮಿನ ಔಷಧಿ, ಮಕ್ಕಳ ಕಾರ್ಟೂನಿನ ಕರಡಿ, ಬ್ಯಾಂಕಿನ ಸರದಿ ಸಂಖ್ಯೆ, ಸತ್ತ ನಟರ ಬಾಕಿ ಉಳಿದ ಡಬ್ಬಿಂಗು, ಏನು ಬಂದರೂ ಮಾಡುವವನು. ಮನೆಯಲ್ಲಿ ಬಟ್ಟೆ ಬೀರುವಿನೊಳಗೆ ಮೈಕು ಇಟ್ಟುಕೊಂಡು ಕೋಟುಗಳ ನಡುವೆ ನಿಂತು ಮಾತಾಡುತ್ತಾನಂತೆ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಹಳೆಯ ರೆಕಾರ್ಡನ್ನು ಕೇಳಿದ, ಮತ್ತೆ ಕೇಳಿದ. ಆಮೇಲೆ ನೇರ ತಾತನ ಕಡೆ ತಿರುಗಿದ.

"ಸರ್, 'ಮಹಡಿ' ಅನ್ನೋಕೆ ಮುಂಚೆ ಒಂಚೂರು ನಿಲ್ಲಿಸ್ತೀರಲ್ಲ. ಯಾಕೆ?"

ಕೇಳಿ ಸುಮ್ಮನೆ ಕಾದ. ತಾತನ ಕೈ ಕತ್ತಿನ ಬಟ್ಟೆಯ ತನಕ ಹೋಯಿತು.

"ಅವರು ಮೊದ್ಲಿಂದ್ಲೂ ಹಾಗೇ," ಅಂದಳು ಅಜ್ಜಿ. "ಏನೇ ಹೇಳೋಕೂ ಮುಂಚೆ ಒಂದ್ಸಲ ಯೋಚ್ನೆ ಮಾಡೋರು. ಮನೆಗೆ ಬಂದೋರಿಗೆ ಕೂತ್ಕೊಳ್ಳಿ ಅನ್ನೋಕೂ ಯೋಚ್ನೆ ಮಾಡೋರು."

ತಾತನ ಕೈ ಮಡಿಲಿಗೆ ವಾಪಸ್ಸಾಯಿತು. ಕಲಾವಿದ ರಜಾಯಿ ಕೇಳಿದ. ಅದೇ ರಜಾಯಿ ಇನ್ನೂ ಮನೆಯಲ್ಲಿತ್ತು. ಅಡುಗೆಮನೆಯ ಮೂಲೆಯಲ್ಲಿ ಅದನ್ನು ಹೊದ್ದು ಕೂತು ಅವನು ಹೇಳಿದ:

"ಏಳನೇ... ಮಹಡಿ."

ಸೊಸೆಯ ಬಾಯಿ ಅರ್ಧ ತೆರೆದಂತೇ ಉಳಿಯಿತು. ಚೂಟಿ ಚಪ್ಪಾಳೆ ಹೊಡೆಯಲು ಹೋಗಿ, ಅಮ್ಮನ ಮುಖ ನೋಡಿ ಕೈ ಕೆಳಗಿಳಿಸಿದಳು. ಅಜ್ಜಿ ಒಲೆ ಆರಿಸಿದಳು.

"ಇನ್ನೊಂದ್ಸಲ ಹೇಳಪ್ಪಾ," ಅಂದಳು.

ಅವನು ಎಂಟನೇ ಮಹಡಿ ಅಂದ, ಒಂಬತ್ತು ಅಂದ. ಅಜ್ಜಿ ಮತ್ತೆ ಏಳರಿಂದ ಹೇಳಿಸಿದಳು. ತಾತ ಹೊರಗಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಅವನ ದನಿ ಅಡುಗೆಮನೆಯಲ್ಲಿತ್ತು.

"ಇನ್ನೇನು, ಕೆಲ್ಸ ಆಯ್ತಲ್ಲ," ಅಂದಳು ಅಜ್ಜಿ ಮಗನಿಗೆ. ಮಗ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನೋಡೋಣ, ಕಟ್ಟಡದೋರನ್ನ ಒಂದು ಮಾತು ಕೇಳ್ಬೇಕು," ಅಂದ. ಅವನಿಗೆ ಈ ದನಿ ಬೇಡವಾಗಿತ್ತು. ಲಿಫ್ಟ್ ರಿಪೇರಿಗೆ ಹೋದಾಗಲೆಲ್ಲ ತಲೆಯ ಮೇಲಿಂದ ಅಪ್ಪನ ದನಿ ಕೇಳಿ, ಮನೆಗೆ ಬಂದು ಆ ಕುರ್ಚಿ ನೋಡುವುದು ಅವನಿಗೆ ಸಾಕಾಗಿ ಹೋಗಿತ್ತು. ಅದನ್ನು ಹೆಂಡತಿಗೆ ಒಮ್ಮೆ ಹೇಳಿದ್ದ. ಅವಳು, "ನಿಮ್ಮಮ್ಮನಿಗೆ ಹೇಳಿ, ನನಗಲ್ಲ" ಅಂದಿದ್ದಳು. ಅಮ್ಮನಿಗೆ ಅವನು ಹೇಳಲಿಲ್ಲ.

ಮುಂದಿನ ವಾರ ತಾತನನ್ನು ತಪಾಸಣೆಗೆ ಕರೆದೊಯ್ದರು. ಕಾಲು ಊದಿತ್ತು, ರಕ್ತದ ಒತ್ತಡ ಏರಿತ್ತು.

"ಇವರಿಗೆ ಇಷ್ಟು ಉಪ್ಪು ಯಾರು ಕೊಡ್ತಿದ್ದೀರಿ?" ಎಂದು ನರ್ಸು ಗದರಿಸಿದಳು.

"ಅವರೇ ಕೇಳ್ತಾರೆ," ಅಂದಳು ಅಜ್ಜಿ. "ದಿನಾ ಕೇಳ್ತಾರೆ. ಬೇಡ ಅನ್ನೋಕಾಗುತ್ತಾ?"

"ಕೇಳಿದ್ರೂ ಕೊಡ್ಬೇಡಿ."

ತಾತ ನರ್ಸಿನ ತೋಳು ಹಿಡಿದು ಜೋರಾಗಿ ಅಡ್ಡಡ್ಡ ತಲೆ ಆಡಿಸಿದ. "ನೋಡಿ, ಈಗ್ಲೂ ಹಟ," ಅಂದಳು ಅಜ್ಜಿ.

ಉಪ್ಪಿನ ಡಬ್ಬಿ ಮೇಜಿನಿಂದ ಮೇಲಿನ ಕಪಾಟಿಗೆ ಹೋಯಿತು. ಎಲ್ಲರ ಅಡುಗೆಯೂ ಸಪ್ಪೆಯಾಯಿತು. ಅವನ ಎದುರು ನಾವು ಹಾಕಿಕೊಳ್ಳುವುದು ಹೇಗೆ ಎಂದು ಅಜ್ಜಿಯ ವಾದ. ಸೊಸೆ ವರ್ಕ್‌ಶಾಪಿನ ಡ್ರಾಯರಿನಲ್ಲಿ ಒಂದು ಪೊಟ್ಟಣ ಇಟ್ಟುಕೊಂಡು, ಅಲ್ಲೇ ಊಟ ಮಾಡಲು ಶುರುಮಾಡಿದಳು. ಈಗ ತಾತ ತಟ್ಟಿದರೆ, ಅಜ್ಜಿ ಮಗುವಿಗೆ ಹೇಳುವ ಹಾಗೆ, "ಇಲ್ಲ ರೀ, ಉಪ್ಪು ಇಲ್ಲ, ಡಾಕ್ಟರು ಬೈತಾರೆ" ಅನ್ನುವಳು. ಅವನು ಇನ್ನೊಮ್ಮೆ ತಟ್ಟುವನು. ಅವಳು ಇನ್ನೊಮ್ಮೆ ಹೇಳುವಳು. ಬರಬರುತ್ತ ತಾತ ತಟ್ಟುವುದೇ ಕಡಿಮೆಯಾಯಿತು. ಊಟದ ಹೊತ್ತಿಗೆ ಬಂದು ಕೂರುವನು, ಕೊಟ್ಟದ್ದನ್ನು ನುಂಗುವನು, ಏಳುವನು. "ಈಗ ಹಟ ಕಮ್ಮಿ ಆಗಿದೆ," ಎಂದು ಮನೆಯವರು ಒಬ್ಬರಿಗೊಬ್ಬರು ಹೇಳಿಕೊಂಡರು.

ಈ ನಡುವೆ ಕಲಾವಿದ ಇನ್ನೆರಡು ಸಲ ಮಧ್ಯಾಹ್ನ ಬಂದು ಹೋದ. ಮಗನಿಗೂ ಸೊಸೆಗೂ ಅದು ಗೊತ್ತಿಲ್ಲ. ಆಗ ತಾತ ಮಲಗಿರುತ್ತಿದ್ದ. ಕರೆಸಿದ್ದು ಅಜ್ಜಿ, ಚೂಟಿಯ ಕೈಯಲ್ಲಿ ಫೋನು ಮಾಡಿಸಿ. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ರಜಾಯಿ ಹೊದಿಸಿ ಅವನನ್ನು ಕೂರಿಸಿದಳು.

"ಇವ್ಳೇ, ಟೀ ಕೊಡ್ತೀಯಾ?" ಅಂದ ಅವನು, ತಾತನ ದನಿಯಲ್ಲಿ.

"ಅಷ್ಟು ಮೆತ್ತಗಲ್ಲ. ಸ್ವಲ್ಪ ಗದರ್ಸೋರು."

"ಇವ್ಳೇ! ಟೀ ಕೊಡ್ತೀಯಾ?"

"ಹಾಂ. ಈಗ ಕನ್ನಡಕ."

"ನನ್ನ ಕನ್ನಡಕ ಎಲ್ಲಿಟ್ಟೆ?"

"ಸರಿ." ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಇನ್ನೊಂದು ಇದೆ. 'ಊಟ ಮಾಡಿದ್ಯಾ ನೀನು?' ಅಂತ ಹೇಳು."

"ಇದನ್ನೂ ಗದರಿಸಿ ಹೇಳ್ಲಾ?"

ಅಜ್ಜಿ ಒಲೆಯ ಕಡೆ ತಿರುಗಿದಳು. "ಇದನ್ನ ಮೆತ್ತಗೇ ಹೇಳು," ಅಂದಳು.

ಅವನು ಹಣ ಬೇಡ ಅಂದ. ಅಜ್ಜಿ ಒತ್ತಾಯ ಮಾಡಿ ಊಟ ಬಡಿಸಿದಳು. ಅವನು ಒಂದು ತುತ್ತು ಬಾಯಿಗಿಟ್ಟು, "ಅಮ್ಮಾ, ಉಪ್ಪು..." ಅಂದ. "ನಮ್ಮನೇಲಿ ಇಲ್ಲಪ್ಪ," ಅಂದಳು. ಹೋಗುವಾಗ ಹೊರಗಿನ ಕೋಣೆಯಲ್ಲಿ ಮಲಗಿದ್ದ ತಾತನನ್ನು ನೋಡಿ, ಬಾಗಿಲ ಬಳಿ ನಿಂತು ಅವನು ಕೇಳಿದ: "ಅವರಿಗೆ ಗೊತ್ತಾ, ಇದು?"

"ಅವರಿಗೆ ಯಾಕೆ ಬೇಜಾರು," ಅಂದಳು ಅಜ್ಜಿ.

ಚೂಟಿ ಆ ಮಾತುಗಳನ್ನು ಅಜ್ಜಿಯ ಫೋನಿಗೆ ಹಾಕಿಕೊಟ್ಟಳು. ಒಂದು ಗುಂಡಿ ಒತ್ತಿದರೆ ಒಂದರ ಹಿಂದೆ ಒಂದು ಬರುತ್ತವೆ, ನಿಲ್ಲಿಸುವ ತನಕ ಸುತ್ತುತ್ತವೆ. ಲಿಫ್ಟುಗಳನ್ನು ಬಿಟ್ಟರೆ ತಾತನ ದನಿ ಬೇರೆಲ್ಲೂ ಉಳಿದಿರಲಿಲ್ಲ. ಮನೆಯ ವಿಡಿಯೊಗಳನ್ನೆಲ್ಲ ತೆಗೆದವನು ಅವನೇ ಆದ್ದರಿಂದ ಅವುಗಳಲ್ಲಿ ಅವನು ಅಂದರೆ "ಸ್ವಲ್ಪ ಹಿಂದೆ ಸರೀರಿ" ಎಂಬ ಒಂದು ಮಾತು ಅಷ್ಟೇ. ಅಜ್ಜಿ ಮಧ್ಯಾಹ್ನ ತರಕಾರಿ ಹೆಚ್ಚುತ್ತ, ಪಾತ್ರೆ ಬೆಳಗುತ್ತ ಫೋನು ಹಾಕಿಕೊಳ್ಳತೊಡಗಿದಳು. ಅದು ಟೀ ಕೇಳಿದರೆ, "ಮಾಡ್ತೀನಿ ಇರಿ, ನನಗೇನು ಹತ್ತು ಕೈಯಾ?" ಅನ್ನುವಳು. ಕನ್ನಡಕ ಕೇಳಿದರೆ, "ನಿಮ್ಮ ತಲೆ ಮೇಲೇ ಇದೆ" ಅನ್ನುವಳು. ಮೂವತ್ತೈದು ವರ್ಷ ಬೇಸರ ತರಿಸಿದ್ದ ಮಾತುಗಳು ಈಗ ಅವಳಿಗೆ ಹಿತವಾಗಿದ್ದವು. ಕುರ್ಚಿಯಲ್ಲಿ ಕೂತವನ ಜೊತೆ ಅವಳಿಗೆ ಅಷ್ಟು ಮಾತು ಇರಲಿಲ್ಲ.

ಒಂದು ದಿನ ಮಧ್ಯಾಹ್ನ ತಾತ ಮಲಗಲಿಲ್ಲ.

ಅಡುಗೆಮನೆಯಿಂದ ಅವನ ದನಿ ಟೀ ಕೇಳಿತು. ಅಜ್ಜಿ ಉತ್ತರ ಕೊಟ್ಟಳು. ದನಿ ಕನ್ನಡಕ ಕೇಳಿತು. ಅಜ್ಜಿ ನಕ್ಕಳು. ಆ ನಗುವನ್ನು ಅವನು ಆಸ್ಪತ್ರೆಗೆ ಹೋಗುವ ಮುಂಚೆ ಕೇಳಿದ್ದು. ತಾತ ಪಕ್ಕದ ಮೇಜಿನ ಮೇಲಿದ್ದ ಖಾಲಿ ಲೋಟವನ್ನು ಚಮಚದಿಂದ ತಟ್ಟಿದ.

"ಉಪ್ಪಿಲ್ಲ ರೀ!" ಎಂದು ಅಜ್ಜಿ ಒಳಗಿಂದ ಕೂಗಿದಳು.

ಅವನು ಮತ್ತೆ ತಟ್ಟಿದ.

"ಒಂದ್ಸಲ ಹೇಳಿದ್ರೆ ಗೊತ್ತಾಗಲ್ವಾ? ಇಲ್ಲ ಅಂದ್ನಲ್ಲ!"

ತಾತ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಕತ್ತಿನ ಬಟ್ಟೆ ಸರಿಸಿ ಕವಾಟದ ಮೇಲೆ ಬೆರಳಿಟ್ಟ. ಮೊದಲು ಗಾಳಿ ಬಂತು. ಆಮೇಲೆ ಗಾಳಿಯೊಳಗಿಂದ ಮಾತು ಬಂತು.

"ಉಪ್ಪಲ್ಲ."

ಅಜ್ಜಿಯ ಕೈಯಲ್ಲಿ ಮುಚ್ಚಳ ಇತ್ತು. ಈ ಸಲ ಜಾರಲಿಲ್ಲ. ಗಟ್ಟಿಯಾಗಿ ಹಿಡಿದುಕೊಂಡಳು.

"ಮತ್ತೆ ಏನು?" ಅಂದಳು. "ಇಷ್ಟು ದಿನ ತಟ್ಟಿದ್ದು?"

ಉತ್ತರಕ್ಕೆ ಹೊತ್ತು ಹಿಡಿಯಿತು. ಅವನು ಎರಡು ಸಲ ಕೆಮ್ಮಿದ, ಬೆರಳು ತೆಗೆದು ಮತ್ತೆ ಇಟ್ಟ.

"ನನ್ನನ್ನ... ಕೇಳಿ... ಅಂತ."

"ಊಟ ಮಾಡಿದ್ಯಾ ನೀನು?" ಅಂದಿತು ಫೋನು, ಮೆತ್ತಗೆ, ತಾತನ ದನಿಯಲ್ಲಿ.

ತಾತ ಫೋನಿನ ಕಡೆ ನೋಡಿದ. "ನಾನು... ಹಾಗೆ... ಅನ್ನಲ್ಲ."

"ಹೌದು," ಅಂದಳು ಅಜ್ಜಿ. "ನೀವು ಯಾವತ್ತೂ ಅಂದಿಲ್ಲ. ಅದಕ್ಕೇ ಹೇಳಿಸ್ದೆ."

ಒಲೆಯ ಮೇಲಿಟ್ಟಿದ್ದ ಟೀ ಉಕ್ಕಿ ಹರಿಯಿತು. ಇಬ್ಬರೂ ಅದನ್ನು ನೋಡುತ್ತ ನಿಂತರು. ಫೋನು ಸುತ್ತು ಮುಗಿಸಿ ಮತ್ತೆ "ಇವ್ಳೇ!" ಎಂದು ಗದರಿಸಿತು. ಅಜ್ಜಿ ಅದರ ಬಾಯಿ ಮುಚ್ಚಿಸಿದಳು. ಎದುರಿಗಿದ್ದವನ ದನಿ ಅವಳಿಗೆ ಆಸ್ಪತ್ರೆಯಲ್ಲಿ ಎಷ್ಟು ಕೆಟ್ಟದಾಗಿ ಕೇಳಿಸಿತ್ತೋ ಈಗಲೂ ಅಷ್ಟೇ ಕೆಟ್ಟದಾಗಿ ಕೇಳಿಸಿತು. ಮುಂದೆ ರೂಢಿಯಾಯಿತೇ ಹೊರತು ಇಷ್ಟವಾಗಲಿಲ್ಲ. ಆದರೆ ಅವನ ಕೈ ಹಿಡಿದು ಕೆಳಗಿಳಿಸಬೇಕು ಎಂದು ಈ ಸಲ ಅನ್ನಿಸಲಿಲ್ಲ.

"ಇನ್ನೊಂದ್ಸಲ ಹೇಳಿ," ಅಂದಳು. "ಮೊದಲಿಂದ."

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಕಡ್ಡಿ ಮುರಿದ ಹಾಗೆ ಹೇಳಿದಳು: "ಲಿಫ್ಟಿನ ದನಿ ವಿಷಯ ನಿಮ್ಮಪ್ಪನ್ನ ಕೇಳು."

ಮಗ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ. "ಅಪ್ಪನ್ನಾ?"

"ಕೇಳೋ. ಕೇಳಿ ಸುಮ್ನೆ ಕೂತ್ಕೋ. ಮಧ್ಯ ಬಾಯಿ ಹಾಕ್ಬೇಡ."

ಮಗ ಕೇಳಿದ. ತಾತ ಬಟ್ಟೆ ಸರಿಸಿದ. ಆ ಸದ್ದಿಗೆ ಚೂಟಿ ಬೆಚ್ಚಿ ಅಮ್ಮನ ತೊಡೆ ಹಿಡಿದುಕೊಂಡಳು. ಸೊಸೆ ಏನೋ ಹೇಳಲು ಹೋಗಿ, ಅತ್ತೆಯ ಕಣ್ಣು ನೋಡಿ ನುಂಗಿಕೊಂಡಳು. ಬಟ್ಟಲಿನಲ್ಲಿದ್ದ ಸೂಪು ಆರಿತು.

"ಹೊಸದು," ಅಂದ ತಾತ. "ಒಂಬತ್ತೂ. ಅವನದೇ... ದನಿ. ನಂದು... ಬೇಡ."

ಮಗ ತಲೆಯಾಡಿಸಿದ. ಅವನಿಗೆ ಬೇಕಾದದ್ದೇ ಸಿಕ್ಕಿತ್ತು. ಆದರೂ ಗೆದ್ದ ಹಾಗೇನೂ ಅನ್ನಿಸಲಿಲ್ಲ. ಅಜ್ಜಿ ಸೋತಿದ್ದಳು, ಎದ್ದು ಹೋಗಿ ತಣ್ಣಗಾದ ಸೂಪನ್ನು ಬಿಸಿ ಮಾಡಿ ತಂದಳು.

ಕಲಾವಿದನಿಗೆ ಸೊಸೆ ಫೋನು ಮಾಡಿದಾಗ ಅವನಿಗೆ ಅರ್ಥವಾಗಲಿಲ್ಲ. "ಯಾರ ಥರ ಹೇಳ್ಬೇಕು?" ಎಂದು ಕೇಳಿದ.

"ಯಾರ ಥರಾನೂ ಅಲ್ಲ. ನಿಮ್ಮ ಥರ."

"ನನ್ನ ಥರಾನಾ?" ಅಂದ. "ಹಾಗೆ ಯಾರೂ ಕೇಳಿಲ್ಲ. ನನ್ನ ದನಿ ಯಾವುದು ಅಂತ ಸ್ವಲ್ಪ ನೋಡ್ಕೋಬೇಕು. ಒಂದು ವಾರ ಟೈಮ್ ಕೊಡಿ."

ಲಿಫ್ಟು ಮೊದಲ ಸಲ ಓಡಿದ ದಿನ ಎಲ್ಲರೂ ಹೋದರು. ಬಣ್ಣದ ವಾಸನೆ, ಹೊಸ ಉಕ್ಕಿನ ಗೋಡೆ, ಕೆಳಗೆ ಹಾಸಿದ ಪ್ಲಾಸ್ಟಿಕ್ಕು. ದನಿ ಒಂದೊಂದೇ ಮಹಡಿ ಹೇಳಿತು. ಸಾಧಾರಣ ದನಿ, ಕೇಳಿದರೆ ಮರೆತುಹೋಗುವಂಥದು. ಆರನೇ ಮಹಡಿಯಲ್ಲಿ ಅಜ್ಜಿ ಕಿವಿಗೊಟ್ಟಳು. 'ಠಣ್' ಇರಲಿಲ್ಲ. ಬಾಗಿಲು ತೆರೆಯಿತು, ಮುಚ್ಚಿತು. "ಚೆನ್ನಾಗಿದೆ," ಅಂದಳು. ತಾತ ದನಿಯನ್ನು ಕೇಳುತ್ತಿರಲಿಲ್ಲ. ಮೋಟಾರಿನ ಸದ್ದು ಕೇಳುತ್ತಿದ್ದ. ಒಂಬತ್ತರಲ್ಲಿ ಇಳಿದಾಗ ಮಗ ಅವನ ಮುಖ ನೋಡಿ ಕಾದು ನಿಂತ. "ಎಣ್ಣೆ... ಸಾಲದು," ಅಂದ ತಾತ. ಮಗ ಸಂಜೆ ಮತ್ತೆ ಹೋಗಿ ಎಣ್ಣೆ ಬಿಟ್ಟು ಬಂದ.

ಅಜ್ಜಿಯ ಫೋನಿನಲ್ಲಿ ಆ ಮೂರು ಮಾತುಗಳು ಹಾಗೇ ಇವೆ. ಅಳಿಸು ಎಂದು ಯಾರೂ ಹೇಳಲಿಲ್ಲ, ಅವಳೂ ಅಳಿಸಲಿಲ್ಲ. ಹಾಕಿಕೊಳ್ಳುವುದು ಮಾತ್ರ ಬಿಟ್ಟಳು.

ಆ ರಾತ್ರಿ ಅನ್ನ, ಬೇಯಿಸಿದ ಆಲೂಗಡ್ಡೆ, ಸೂಪು. ಕಟ್ಟಡದವರು ಎರಡನೆಯ ಲಿಫ್ಟಿನ ಮಾತೆತ್ತಿದ್ದಾರೆ ಎಂದು ಮಗ ಹೇಳುತ್ತಿದ್ದ. ಸೊಸೆ, ಮೊದಲು ಈ ಲಿಫ್ಟಿನದು ವಸೂಲಾಗಲಿ ಅಂದಳು. ಚೂಟಿ ಆಲೂಗಡ್ಡೆಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದಳು.

ತಾತ ಚಮಚದಿಂದ ತಟ್ಟೆಯ ಅಂಚಿಗೆ ಎರಡು ಸಲ ತಟ್ಟಿದ.

ಮಾತು ನಿಂತಿತು. ಎಲ್ಲರೂ ಅವನ ಕಡೆ ತಿರುಗಿದರು. ಯಾರೂ ಏನೂ ದಾಟಿಸಲಿಲ್ಲ, ಏನೂ ಊಹಿಸಲಿಲ್ಲ.

"ಏನಪ್ಪಾ?" ಅಂದ ಮಗ.

ತಾತ ಚಮಚ ಕೆಳಗಿಟ್ಟ. ಬಾಯಲ್ಲಿದ್ದುದನ್ನು ನುಂಗಿದ. ಕತ್ತಿನ ಬಟ್ಟೆ ಸರಿಸಿ, ಬೆರಳಿಟ್ಟು, ಉಸಿರು ಎಳೆದುಕೊಂಡ. ನಾಲ್ಕೂ ಜನ ಕೈ ಕಟ್ಟಿ ಕಾದರು.

"ಉಪ್ಪು," ಅಂದ.

ಯಾರೂ ನಗಲಿಲ್ಲ. ಅಜ್ಜಿ ಸ್ಟೂಲು ಎಳೆದುಕೊಂಡು ಹತ್ತಿ, ಮೇಲಿನ ಕಪಾಟಿನಿಂದ ಡಬ್ಬಿ ಇಳಿಸಿದಳು. "ಒಂದೇ ಚಿಟಿಕೆ," ಎಂದು ಹಾಕಿದಳು. ಆಮೇಲೆ ಡಬ್ಬಿಯನ್ನು ಮೇಜಿನ ನಡುವೆ ಇಟ್ಟಳು. ಎಲ್ಲರೂ ಒಬ್ಬರಾದ ಮೇಲೊಬ್ಬರು ಹಾಕಿಕೊಂಡರು.